ಹಳೇ ಕೊಲೆ ಕೇಸಿನ ಕಾದಂಬರಿ ಬರೆಯುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತು ವರ್ಷ ಹಳೆಯ ಕೊಲೆ. ಯಾರು ಮಾಡಿದ್ದು ಅಂತ ಕೊನೆಗೂ ಗೊತ್ತಾಗಲಿಲ್ಲ. ಈಗ ಒಬ್ಬ ಇನ್‌ಸ್ಪೆಕ್ಟರ್ ಆ ಫೈಲನ್ನು ಮತ್ತೆ ಬಿಚ್ಚುತ್ತಾನೆ. ಇಂಥ ಕಾದಂಬರಿ ಬರೆಯಲು ಕೂತ ಗೆಳೆಯರು ನನಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನನ್ನ ಸೋದರಮಾವ ಠಾಣೆಯಲ್ಲಿ ರೈಟರ್, ಅಂದರೆ ಹೇಳಿಕೆ, ದಾಖಲೆ ಬರೆಯುವ ಪೊಲೀಸ್, ಆಗಿದ್ದವರು. ಮಹಜರು (ಸ್ಥಳದಲ್ಲೇ ಬರೆಯುವ ವರದಿ), ಪಂಚರು (ಅದಕ್ಕೆ ಸಹಿ ಹಾಕುವ ಸಾಕ್ಷಿಗಳು), ಸಿ ರಿಪೋರ್ಟ್ ಅನ್ನುವ ಮಾತೆಲ್ಲ ಊಟದ ಹೊತ್ತಿಗೇ ನನ್ನ ಕಿವಿಗೆ ಬಿದ್ದಿವೆ. ಉಳಿದದ್ದು ಕೋರ್ಟಿನ ತೀರ್ಪುಗಳನ್ನು ಓದಿ ಕಲಿತದ್ದು. ಪ್ರತಿ ಸಲ ಒಂದೇ ಉತ್ತರ ಬರೆಯುವ ಬದಲು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

‘ಕೋಲ್ಡ್ ಕೇಸ್’ ಅನ್ನುವುದನ್ನು ನಮ್ಮ ಪೊಲೀಸರು ಏನಂತ ಕರೆಯುತ್ತಾರೆ?

ಆ ಹೆಸರು ನಮ್ಮ ಠಾಣೆಗಳಲ್ಲಿ ಬಳಕೆಯಲ್ಲಿಲ್ಲ. ಅಮೆರಿಕದ ಲಾಸ್ ಏಂಜಲೀಸ್ ಪೊಲೀಸರು 2001ರಲ್ಲಿ ಹಳೇ ಕೊಲೆಗಳಿಗೆಂದೇ ಬೇರೆ ತಂಡ ಕಟ್ಟಿದರು. ಓದುಗರ ತಲೆಯಲ್ಲಿ ಇರುವ ಚಿತ್ರ ಅಲ್ಲಿಂದ ಬಂದದ್ದು: ನೆಲಮಾಳಿಗೆ, ರಟ್ಟಿನ ಪೆಟ್ಟಿಗೆಗಳು, ಕಾಫಿ ಕಪ್ಪು ಹಿಡಿದ ಒಬ್ಬಂಟಿ ಅಧಿಕಾರಿ. ಇದನ್ನು ಹಾಗೇ ಎತ್ತಿ ಹಾಸನಕ್ಕೋ ಹಾವೇರಿಗೋ ಇಳಿಸಿದರೆ ಮೊದಲ ಪುಟದಲ್ಲೇ ಸುಳ್ಳು ಅನ್ನಿಸುತ್ತದೆ.

ನಮ್ಮಲ್ಲಿ ಬಳಕೆಯಲ್ಲಿರುವ ಮಾತು ‘ಸಿ ರಿಪೋರ್ಟ್’. ತನಿಖೆ ಮುಗಿದ ಮೇಲೆ ಪೊಲೀಸರು ಕೋರ್ಟಿಗೆ ಅಂತಿಮ ವರದಿ ಕೊಡಬೇಕು. ಆರೋಪಿ ಸಿಕ್ಕಿ ಸಾಕ್ಷಿಯೂ ಇದ್ದರೆ ಚಾರ್ಜ್‌ಶೀಟ್. ದೂರು ಸುಳ್ಳು ಅಥವಾ ತಪ್ಪು ತಿಳಿವಳಿಕೆಯಿಂದ ಕೊಟ್ಟದ್ದು ಅಂತಾದರೆ ಬಿ ರಿಪೋರ್ಟ್. ಅಪರಾಧ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಲಿಲ್ಲ ಅಂದರೆ ಸಿ ರಿಪೋರ್ಟ್. ‘ಆ ಕೇಸಿಗೆ ಸಿ ಹಾಕಿಬಿಟ್ರು’ ಅಂತ ಹಳೇ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಹೇಳಿದರೆ ಸಾಕು, ನಿಮ್ಮ ಓದುಗನಿಗೆ ಎಲ್ಲ ಅರ್ಥವಾಗುತ್ತದೆ.

ಇನ್ನೊಂದು ಮಾತು ಯುಡಿಆರ್. ಅಸಹಜ ಸಾವಿನ ವರದಿ ಅದು. ಕೊಲೆ ಅಂತ ಯಾರಿಗೂ ಅನ್ನಿಸದೆ ಯುಡಿಆರ್ ಆಗಿ ಮಲಗಿದ ಸಾವುಗಳಲ್ಲೇ ನಮ್ಮ ನೆಲದ ಒಳ್ಳೆಯ ಕಥೆಗಳಿವೆ ಅನ್ನುವುದು ನನ್ನ ನಂಬಿಕೆ.

ಅದಕ್ಕೊಂದು ಉದಾಹರಣೆ ಕೊಡ್ತೀರಾ?

ಸಯನೈಡ್ ಮೋಹನನ ಕೇಸು. 2003ರಿಂದ 2009ರ ತನಕ ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರಿನ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಹೆಂಗಸರ ಹೆಣ ಸಿಗುತ್ತಿದ್ದವು. ಬಾಗಿಲಿಗೆ ಒಳಗಿನಿಂದ ಚಿಲಕ. ಮೈಮೇಲೆ ಗಾಯವಿಲ್ಲ. ಗುರುತು ಹೇಳುವವರಿಲ್ಲ. ಒಂದೊಂದು ಊರಿನ ಠಾಣೆಗೆ ಅದು ಒಂದೊಂದು ಯುಡಿಆರ್. ಅದೇ ಹೊತ್ತಿಗೆ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ನಾಪತ್ತೆಯಾಗುತ್ತಿದ್ದರು. ‘ಯಾರ ಜೊತೆಗೋ ಓಡಿಹೋದಳು’ ಅಂತ ಊರು ಸುಮ್ಮನಾಗುತ್ತಿತ್ತು. ಮನೆಯವರು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಕರಾವಳಿಯ ನಾಪತ್ತೆ ಕಡತಕ್ಕೂ ಘಟ್ಟದ ಮೇಲಿನ ಯುಡಿಆರ್ ಕಡತಕ್ಕೂ ನಡುವೆ ಗೆರೆ ಎಳೆದವರು ಯಾರೂ ಇರಲಿಲ್ಲ. 2009ರಲ್ಲಿ ಬಂಟ್ವಾಳದ ಹತ್ತಿರದ ಬರಿಮಾರಿನ ಯುವತಿಯೊಬ್ಬಳು ಕಾಣೆಯಾದಳು. ಆ ಸಲ ಊರಿನವರು ಗಲಾಟೆ ಮಾಡಿದರು, ಪೊಲೀಸರು ಫೋನ್ ಕರೆಗಳ ಜಾಡು ಹಿಡಿದರು. ಒಂದು ನಂಬರಿನಿಂದ ಇನ್ನೊಂದಕ್ಕೆ ಹೋಗುತ್ತ ಹೋಗುತ್ತ ಸಿಕ್ಕಿದ್ದು ಹಿಂದೆ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಮೋಹನ್ ಕುಮಾರ್. ಮದುವೆಯ ಆಸೆ ತೋರಿಸಿ ಕರೆದುಕೊಂಡು ಹೋಗುತ್ತಿದ್ದ. ಗರ್ಭ ನಿಲ್ಲದ ಹಾಗೆ ಮಾತ್ರೆ ಅಂತ ಸಯನೈಡ್ ಕೊಡುತ್ತಿದ್ದ. ಅವನ ಮೇಲೆ ಹೊರಿಸಿದ ಕೊಲೆಗಳು 20. 2013ರ ಡಿಸೆಂಬರ್‌ನಲ್ಲಿ ಮೊದಲ ಶಿಕ್ಷೆಗಳು ಬಂದವು.

ಇಲ್ಲಿ ಗಮನಿಸಿ, ಕೊಲೆಗಾರ ಮಹಾ ಬುದ್ಧಿವಂತ ಅಲ್ಲ. ಊರಿನ ನಾಚಿಕೆ ಅವನ ಕೆಲಸವನ್ನು ಸಲೀಸು ಮಾಡಿಕೊಟ್ಟಿತ್ತು, ಅಷ್ಟೆ.

ಮುಚ್ಚಿದ ಕೇಸನ್ನು ನನ್ನ ನಾಯಕ ಸುಮ್ನೆ ತೆಗೆಯಬಹುದಾ? ಕೋರ್ಟಿನ ಒಪ್ಪಿಗೆ ಬೇಕಾ?

ಹೊಸ ಸುಳಿವು ಸಿಕ್ಕರೆ ಮುಂದುವರಿದ ತನಿಖೆಗೆ ಕಾನೂನಿನಲ್ಲೇ ದಾರಿ ಇದೆ. ಹಳೇ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) ಅದು ಸೆಕ್ಷನ್ 173(8). 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 193(9). ನ್ಯಾಯಾಧೀಶರ ಗಮನಕ್ಕೆ ತಂದು ಮುಂದೆ ಹೋಗುವುದು ರೂಢಿ. ಸಿ ರಿಪೋರ್ಟ್ ಬಂದಾಗ ದೂರು ಕೊಟ್ಟವರಿಗೂ ನೋಟಿಸ್ ಹೋಗಬೇಕು. ಅವರು ತಕರಾರು ಅರ್ಜಿ ಹಾಕಬಹುದು. ಇಪ್ಪತ್ತು ವರ್ಷ ಕೋರ್ಟು ಅಲೆದ ಒಬ್ಬ ತಾಯಿಯ ಪಾತ್ರ ನಿಮಗೆ ಬೇಕಿದ್ದರೆ ಆ ಅರ್ಜಿಯಿಂದಲೇ ಶುರು ಮಾಡಿ.

ಸೆಕ್ಷನ್ ವಿಚಾರದಲ್ಲಿ ಒಂದು ಎಚ್ಚರ. ಕೊಲೆ 2024ರ ಜುಲೈಗೆ ಮುಂಚಿನದಾದರೆ ಅದು ಹಳೇ ದಂಡ ಸಂಹಿತೆಯ, ಅಂದರೆ ಐಪಿಸಿಯ, 302 ಆಗಿಯೇ ಉಳಿಯುತ್ತದೆ, ಹೊಸ ಭಾರತೀಯ ನ್ಯಾಯ ಸಂಹಿತೆಯ 103 ಅಲ್ಲ. ‘103 ಹಾಕ್ರೀ ಅವನ ಮೇಲೆ’ ಅಂತ ನಿಮ್ಮ ಎಸಿಪಿ 1998ರ ಕೊಲೆಗೆ ಕೂಗಿದರೆ ವಕೀಲ ಓದುಗರು ನಗುತ್ತಾರೆ.

ಫೈಲ್ ಎಲ್ಲಿ ಸಿಗುತ್ತದೆ?

ಅದನ್ನು ಹುಡುಕುವುದೇ ಮೊದಲ ಮೂರು ಅಧ್ಯಾಯ ಆಗಬಹುದು. ಠಾಣೆಯ ಪ್ರತಿಯನ್ನು ಗೆದ್ದಲು ತಿಂದಿರುತ್ತದೆ, ಇಲ್ಲವೇ ಹಳೇ ಕಟ್ಟಡದಿಂದ ಹೊಸದಕ್ಕೆ ಹೋಗುವಾಗ ಕಳೆದಿರುತ್ತದೆ ಅಂತಿಟ್ಟುಕೊಳ್ಳಿ. ಆದರೂ ಕಾಗದ ಒಂದೇ ಕಡೆ ಇರುವುದಿಲ್ಲ. ಎಫ್‌ಐಆರ್‌ನ ಒಂದು ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗಿರುತ್ತದೆ. ಶವಪರೀಕ್ಷೆಯ ವಿವರ ಆಸ್ಪತ್ರೆಯಲ್ಲೂ ಇರುತ್ತದೆ. ಲ್ಯಾಬಿಗೆ ಕಳಿಸಿದ್ದರೆ ಅಲ್ಲೊಂದು ದಾಖಲೆ.

ಜಿಲ್ಲೆಗಳ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. 1995ರಲ್ಲಿ ಉಡುಪಿಯಲ್ಲಿ ಕೊಲೆ ನಡೆದರೆ ಅದು ದಕ್ಷಿಣ ಕನ್ನಡ ಜಿಲ್ಲೆಯ ಕೇಸು, ಎಸ್‌ಪಿ ಕೂರುವುದು ಮಂಗಳೂರಿನಲ್ಲಿ. ಉಡುಪಿ, ದಾವಣಗೆರೆ, ಚಾಮರಾಜನಗರ, ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ ಇವೆಲ್ಲ ಜಿಲ್ಲೆಗಳಾದದ್ದು 1997ರಲ್ಲಿ. ಹಾವೇರಿಯ ಹಳೇ ಕೇಸು ಹುಡುಕಲು ಧಾರವಾಡಕ್ಕೆ, ಕೊಪ್ಪಳದ್ದಕ್ಕೆ ರಾಯಚೂರಿಗೆ ಬಸ್ಸು ಹತ್ತಬೇಕು. ಮಂಗಳೂರಿಗೆ ಪೊಲೀಸ್ ಕಮಿಷನರ್ ಬಂದದ್ದು 2010ರಲ್ಲಿ. ಅದಕ್ಕೂ ಮುಂಚಿನ ಕಥೆಯಲ್ಲಿ ‘ಮಂಗಳೂರು ಕಮಿಷನರ್’ ಅಂತ ಬರೆದರೆ ಮುಗೀತು.

ಹಳೇ ಕಡತದಲ್ಲಿ ನಿಜಕ್ಕೂ ಏನಿರುತ್ತದೆ? ಸುಳಿವನ್ನು ಎಲ್ಲಿ ಬಚ್ಚಿಡಲಿ?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಸಾಕ್ಷಿಗಳ ಹೇಳಿಕೆಯಲ್ಲಿ ಬಚ್ಚಿಡಿ.

ಪೊಲೀಸ್ ಹೇಳಿಕೆಗೆ ತನ್ನದೇ ಒಂದು ಕನ್ನಡ ಇದೆ. ‘ನಾನು ಮೇಲ್ಕಂಡ ವಿಳಾಸದಲ್ಲಿ ವಾಸವಾಗಿದ್ದು, ಕೂಲಿ ಕೆಲಸ ಮಾಡಿಕೊಂಡಿರುತ್ತೇನೆ. ದಿನಾಂಕದಂದು ಸಾಯಂಕಾಲ ಸುಮಾರು ಏಳು ಗಂಟೆ ಸಮಯದಲ್ಲಿ...’ ಹೇಳಿದವರು ಹೂ ಮಾರುವ ಅಜ್ಜಿಯಾಗಲಿ, ಬ್ಯಾಂಕ್ ಮ್ಯಾನೇಜರ್ ಆಗಲಿ, ಕಾಗದದ ಮೇಲೆ ಇಬ್ಬರದೂ ಒಂದೇ ದನಿ. ಬರೆದದ್ದು ರೈಟರ್ ತಾನೇ? ಎಷ್ಟೋ ಸಲ ಎರಡನೇ ಸಾಕ್ಷಿಯ ಹೇಳಿಕೆ ಮೊದಲನೆಯದರ ಪಡಿಯಚ್ಚು. ಈ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ, ಅದೂ ಕಾನೂನೇ. ತಾನು ಹೇಳಿದ್ದನ್ನೇ ಬರೆದಿದ್ದಾರಾ ಅಂತ ಓದಿ ನೋಡಿದವರು ಕಡಿಮೆ.

ನನ್ನ ಮಾವ ಒಂದು ಮಾತು ಹೇಳುತ್ತಿದ್ದರು. ಹೇಳಿಕೆ ಓದುವಾಗ ‘ಇರುತ್ತೇನೆ, ಇರುತ್ತದೆ’ ಎಲ್ಲ ಬಿಟ್ಟುಬಿಡು, ಎಲ್ಲಾದರೂ ಆ ಮನುಷ್ಯನದೇ ಮಾತು ತಪ್ಪಿ ಒಳಗೆ ಬಂದಿದೆಯಾ ನೋಡು ಅಂತ. ಎರಡು ಪುಟ ಸರ್ಕಾರಿ ಕನ್ನಡದ ನಡುವೆ ‘ನಾಯಿ ಬೊಗಳಲಿಲ್ಲ, ಕುಂಯ್‌ಗುಟ್ಟಿತು’ ಅಂತ ಒಂದು ಸಾಲು ಇದ್ದರೆ ಅದು ರೈಟರ್ ಕಟ್ಟಿದ್ದಲ್ಲ, ಸಾಕ್ಷಿ ಕಂಡದ್ದು. ನಿಮ್ಮ ಇನ್‌ಸ್ಪೆಕ್ಟರ್ ಅಂಥ ಒಂದು ಸಾಲಿನ ಬೆನ್ನು ಹತ್ತಲಿ. ಆ ಹೇಳಿಕೆ ಬರೆದುಕೊಂಡ ರೈಟರ್ ಈಗ 60 ದಾಟಿ ನಿವೃತ್ತಿಯಾಗಿ, ಅಡಿಕೆ ತೋಟಕ್ಕೆ ನೀರು ಬಿಡುತ್ತಿರಬಹುದು. ಅವನನ್ನು ಮಾತಾಡಿಸುವ ದೃಶ್ಯ ಯಾವ ಲ್ಯಾಬ್ ರಿಪೋರ್ಟಿಗಿಂತಲೂ ಚೆನ್ನಾಗಿರುತ್ತದೆ.

ಡಿಎನ್‌ಎ ಇದ್ದೇ ಇದೆಯಲ್ಲ? ಒಂದು ಕೂದಲು ಸಿಕ್ಕರೆ ಕೇಸು ಮುಗಿಯಿತು ಅಲ್ವಾ?

ಇಲ್ಲ. ಬಹಳ ಜನರ ಹಸ್ತಪ್ರತಿ ಕೆಡುವುದು ಇಲ್ಲೇ.

ಮೊದಲನೆಯದು, ಆ ಕೂದಲನ್ನು ಯಾರು ಹೇಗೆ ಇಟ್ಟಿದ್ದಾರೆ? ರಕ್ತದ ಬಟ್ಟೆಯನ್ನು ಒಣಗಿಸಿ ಕಾಗದದ ಕವರಿನಲ್ಲಿ ಇಡಬೇಕು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಒಳಗೇ ಬೆವೆತು ಬೂಷ್ಟು ಹಿಡಿಯುತ್ತದೆ. ನಮ್ಮ ದೇಶದ ಕೋರ್ಟಿಗೆ ಡಿಎನ್‌ಎ ಬಂದದ್ದೇ 1989ರಲ್ಲಿ, ಅದೂ ಕೇರಳದಲ್ಲಿ ಮಗುವಿನ ತಂದೆ ಯಾರು ಅನ್ನುವ ವ್ಯಾಜ್ಯದಲ್ಲಿ. 1985ರ ಕೊಲೆಯಲ್ಲಿ ಯಾರೂ ಡಿಎನ್‌ಎ ಮನಸ್ಸಿನಲ್ಲಿಟ್ಟುಕೊಂಡು ಬಟ್ಟೆ ಎತ್ತಿಟ್ಟಿರುವುದಿಲ್ಲ.

ಎರಡನೆಯದು, ಯಾರ ಜೊತೆ ಹೋಲಿಸಿ ನೋಡುತ್ತೀರಿ? ಕ್ಯಾಲಿಫೋರ್ನಿಯಾದಲ್ಲಿ ‘ಗೋಲ್ಡನ್ ಸ್ಟೇಟ್ ಕಿಲ್ಲರ್’ ಅನ್ನಿಸಿಕೊಂಡಿದ್ದವನನ್ನು 2018ರಲ್ಲಿ ಹಿಡಿದರು. ಎಪ್ಪತ್ತು ಎಂಬತ್ತರ ದಶಕದ ಅಪರಾಧಗಳು ಅವು. ಜನರು ತಮ್ಮ ವಂಶ ತಿಳಿಯಲು ಸ್ವಂತ ಇಷ್ಟದಿಂದ ಹಾಕಿದ್ದ ಡಿಎನ್‌ಎ ಮಾಹಿತಿಯಲ್ಲಿ ಅವನ ದೂರದ ಸಂಬಂಧಿಗಳು ಸಿಕ್ಕರು, ಅಲ್ಲಿಂದ ವಂಶವೃಕ್ಷ ಹಿಡಿದು ಇಳಿದರು. ನಮ್ಮಲ್ಲಿ ಡಿಎನ್‌ಎ ಬ್ಯಾಂಕ್ ಮಾಡುವ ಮಸೂದೆಯನ್ನು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿ 2023ರಲ್ಲಿ ವಾಪಸ್ ತೆಗೆದುಕೊಂಡರು. ಹಾಗಾಗಿ ಕಂಪ್ಯೂಟರಿಗೆ ಕೂದಲು ಕೊಟ್ಟು ಕೊಲೆಗಾರನ ಫೋಟೊ ತೆಗೆಯುವ ದೃಶ್ಯ ದಯವಿಟ್ಟು ಬೇಡ. ಮೊದಲು ಶಂಕಿತ ಸಿಗಬೇಕು, ಆಮೇಲೆ ಹೋಲಿಕೆ.

ಬೆರಳಚ್ಚಿನ ಕಥೆ ಬೇರೆ. ಜಗತ್ತಿನ ಮೊದಲ ಬೆರಳಚ್ಚು ಕಚೇರಿ 1897ರಲ್ಲಿ ಕಲ್ಕತ್ತೆಯಲ್ಲಿ ಶುರುವಾಯಿತು. ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅನ್ನುವ ಇಬ್ಬರು ಸಬ್ ಇನ್‌ಸ್ಪೆಕ್ಟರ್‌ಗಳು ಅಚ್ಚುಗಳನ್ನು ವಿಂಗಡಿಸುವ ಲೆಕ್ಕಾಚಾರ ಕಟ್ಟಿದರು, ಹೆಸರು ಮಾತ್ರ ಮೇಲಧಿಕಾರಿ ಹೆನ್ರಿಯದಾಯಿತು. ಈಗ ದೇಶದ ಅಪರಾಧ ಕೇಸುಗಳ ಬೆರಳಚ್ಚುಗಳು ಒಂದೇ ಕಡೆ ಹುಡುಕಲು ಸಿಗುವ ನ್ಯಾಫಿಸ್ ಅನ್ನುವ ವ್ಯವಸ್ಥೆ 2022ರಲ್ಲಿ ಬಂದಿದೆ. ಹಳೇ ಕೊಲೆಮನೆಯ ಲೋಟದ ಮೇಲಿನ ಅಚ್ಚು, ಮೊನ್ನೆ ಬೇರೆ ರಾಜ್ಯದಲ್ಲಿ ಕಳ್ಳತನಕ್ಕೆ ಸಿಕ್ಕಿಬಿದ್ದ ಮುದುಕನದು. ಇದು ನಂಬುವಂಥ ಕಥೆ.

ಹಾಗೆ ನೋಡಿದರೆ ಡಿಎನ್‌ಎಯಿಂದ ಕೊಲೆಗಾರ ಸಿಕ್ಕ ಜಗತ್ತಿನ ಮೊದಲ ಕೇಸಿನಲ್ಲೂ ಕೆಲಸ ಮಾಡಿದ್ದು ಬಾಯಿ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಸಾವಿರಾರು ಗಂಡಸರ ರಕ್ತ ಪರೀಕ್ಷೆ ಮಾಡಿದರೂ ಯಾರೂ ಸಿಗಲಿಲ್ಲ. ಕಾಲಿನ್ ಪಿಚ್‌ಫೋರ್ಕ್ ತನ್ನ ಬದಲು ಬೇಕರಿಯ ಸಹೋದ್ಯೋಗಿಯನ್ನು ಕಳಿಸಿದ್ದ. ಆ ಸಹೋದ್ಯೋಗಿ 1987ರಲ್ಲಿ ಪಬ್ಬಿನಲ್ಲಿ ಬಾಯಿಬಿಟ್ಟ, ಅದನ್ನು ಕೇಳಿಸಿಕೊಂಡ ಹೆಂಗಸೊಬ್ಬಳು ಪೊಲೀಸರಿಗೆ ಹೇಳಿದಳು.

ಅಂದರೆ ಇಷ್ಟು ವರ್ಷದ ನಂತರ ಕೇಸು ಬಿಡಿಸಲು ಹೊಸತಾಗಿ ಏನು ಸಿಗಬೇಕು?

ಸಂಬಂಧ ಬದಲಾಗಿರಬೇಕು. ಆಗ ಹೆದರಿ ಸುಮ್ಮನಿದ್ದವರಿಗೆ ಈಗ ಹೆದರಿಕೆ ಇಲ್ಲ. ಗಂಡ ಸತ್ತಿದ್ದಾನೆ. ಆಸ್ತಿ ಪಾಲಾಗಿದೆ, ತಮ್ಮನಿಗೆ ಅಣ್ಣನ ಮೇಲೆ ಸಿಟ್ಟಿದೆ. ಗೌಡರ ಮನೆಯ ಆಳಿನ ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ, ಅಪ್ಪನಿಗೆ ಗೌಡರ ಹಂಗಿಲ್ಲ. ನಮ್ಮ ಊರುಗಳಲ್ಲಿ ಕೊಲೆ ಮಾಡಿದ್ದು ಯಾರು ಅಂತ ಅರ್ಧ ಊರಿಗೆ ಗೊತ್ತಿರುತ್ತದೆ, ಹೇಳುವವರು ಇರುವುದಿಲ್ಲ. ಇದನ್ನು ಬಿಟ್ಟು ಮೈಕ್ರೋಸ್ಕೋಪಿನ ಹಿಂದೆ ಯಾಕೆ ಹೋಗುತ್ತೀರಿ?

ಕೇರಳದ ಕೊಟ್ಟಾಯಂನ ಸಿಸ್ಟರ್ ಅಭಯಾ ಕೇಸು ನೋಡಿ. 1992ರ ಮಾರ್ಚ್‌ನಲ್ಲಿ ಕಾನ್ವೆಂಟಿನ ಬಾವಿಯಲ್ಲಿ ಹೆಣ ಸಿಕ್ಕಿತು. ಆತ್ಮಹತ್ಯೆ ಅಂದರು. ಸಿಬಿಐ ಕೋರ್ಟು ಇಬ್ಬರನ್ನು ತಪ್ಪಿತಸ್ಥರು ಅಂದದ್ದು 2020ರ ಡಿಸೆಂಬರ್‌ನಲ್ಲಿ, 28 ವರ್ಷದ ನಂತರ. ಮುಖ್ಯ ಸಾಕ್ಷಿ ಯಾರು ಗೊತ್ತಾ? ಆ ರಾತ್ರಿ ಕಟ್ಟಡದ ಮಿಂಚುಬಂಧಕದ ತಾಮ್ರ ಕದಿಯಲು ಹೋಗಿದ್ದ ಒಬ್ಬ ಕಳ್ಳ. ಅವನು ಮಾತು ಬದಲಿಸಲಿಲ್ಲ, ಕೋರ್ಟು ಅವನನ್ನು ನಂಬಿತು. 2022ರಲ್ಲಿ ಹೈಕೋರ್ಟು, ಮೇಲ್ಮನವಿ ಮುಗಿಯುವ ತನಕ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಇಂಥದ್ದನ್ನು ನಾವು ಕಲ್ಪಿಸಿ ಬರೆದಿದ್ದರೆ ‘ಸಿನಿಮಾ ಥರ ಆಯ್ತು’ ಅಂತ ಸಂಪಾದಕರು ಹೊಡೆದುಹಾಕುತ್ತಿದ್ದರು.

ಹೊಸ ಯಂತ್ರವೂ ಕೆಲವು ಸಲ ಕೆಲಸಕ್ಕೆ ಬರುತ್ತದೆ. ಕೊಲ್ಲಂ ಜಿಲ್ಲೆಯ ಅಂಚಲ್‌ನಲ್ಲಿ 2006ರಲ್ಲಿ ತಾಯಿ ಮತ್ತು ಅವಳಿ ಕೂಸುಗಳ ಕೊಲೆಯಾಗಿತ್ತು. ಆರೋಪಿಗಳಿಬ್ಬರು ತಲೆಮರೆಸಿಕೊಂಡಿದ್ದರು. ಅವರ ಹಳೇ ಫೋಟೊಗಳಿಗೆ ಕಂಪ್ಯೂಟರಿನಲ್ಲಿ ವಯಸ್ಸು ಏರಿಸಿ, ಜಾಲತಾಣದ ಚಿತ್ರಗಳ ಜೊತೆ ಹೋಲಿಸಿದರು. 2025ರ ಜನವರಿಯಲ್ಲಿ ಪುದುಚೇರಿಯಲ್ಲಿ ಬಂಧನವಾಯಿತು.

ಹೆಣವೇ ಸಿಗದಿದ್ದರೆ?

ಶಿಕ್ಷೆ ಆಗಬಹುದು. ಹೆಣ ಸಿಗಲೇಬೇಕು ಅನ್ನುವ ನಿಯಮ ಇಲ್ಲ ಅಂತ ಸುಪ್ರೀಂ ಕೋರ್ಟು 1981ರಲ್ಲೇ ಹೇಳಿದೆ. ಆದರೆ ಸಿಕ್ಕರೆ ಕಥೆಗೆ ತೂಕ. ಬೆಂಗಳೂರಿನ ರಿಚ್ಮಂಡ್ ರಸ್ತೆಯ ಮನೆಯ ಕೇಸು ಗೊತ್ತಿರಬೇಕು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು 1991ರಲ್ಲಿ ಕಾಣೆಯಾದರು. ಎರಡನೇ ಗಂಡ ಸ್ವಾಮಿ ಶ್ರದ್ಧಾನಂದ ಕೇಳಿದವರಿಗೆಲ್ಲ ಒಂದೊಂದು ಕಥೆ ಹೇಳಿ ಕಳಿಸುತ್ತಿದ್ದ. ಮಗಳು ಬಿಡಲಿಲ್ಲ, 1992ರಲ್ಲಿ ದೂರು ಕೊಟ್ಟಳು. 1994ರ ಮಾರ್ಚ್‌ನಲ್ಲಿ ಸಿಸಿಬಿ ಪೊಲೀಸರು ಅವನನ್ನು ಹಿಡಿದರು. ಅವನೇ ತೋರಿಸಿದ ಜಾಗದಲ್ಲಿ, ಮನೆಯ ಅಂಗಳದ ಕೆಳಗೆ, ಮರದ ಪೆಟ್ಟಿಗೆಯಲ್ಲಿ ಅಸ್ಥಿ ಸಿಕ್ಕಿತು. ಅಗೆದದ್ದನ್ನೆಲ್ಲ ವಿಡಿಯೊ ಮಾಡಿದ್ದರು, ಗುರುತಿಗೆ ಡಿಎನ್‌ಎ ಪರೀಕ್ಷೆಯೂ ಆಯಿತು. 2008ರಲ್ಲಿ ಸುಪ್ರೀಂ ಕೋರ್ಟು ಮರಣದಂಡನೆಯನ್ನು ತಗ್ಗಿಸಿ, ಸಾಯುವ ತನಕ ಜೈಲು ಅಂದಿತು.

ಅಷ್ಟೂ ದಿನ ಅವನು ಅದೇ ಮನೆಯಲ್ಲೇ ಇದ್ದ. ಆ ಒಂದು ವಿವರ ಸಾಕು, ನೂರು ಪುಟ ಬರೆಯಬಹುದು.

ಕೊನೆಯ ಅಧ್ಯಾಯದಲ್ಲಿ ಕೊಲೆಗಾರ ಇನ್‌ಸ್ಪೆಕ್ಟರ್ ಮುಂದೆ ಎಲ್ಲ ಒಪ್ಪಿಕೊಳ್ಳುತ್ತಾನೆ. ಸಾಕಲ್ವಾ?

ಓದುಗನಿಗೆ ಸಾಕು, ಕೋರ್ಟಿಗೆ ಸಾಲದು. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ನಮ್ಮ ಕಾನೂನಿನಲ್ಲಿ ಬೆಲೆಯಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಹಾಗೆ ಹೇಳುತ್ತಿತ್ತು, ಹೊಸ ಕಾಯ್ದೆಯ 23 ಕೂಡ ಅದನ್ನೇ ಹೇಳುತ್ತದೆ. ಒಂದೇ ಕಿಂಡಿ ಇದೆ: ಅವನ ಮಾತಿನಿಂದ ಹೊಸ ವಸ್ತು ಸಿಕ್ಕರೆ ಅಷ್ಟು ಭಾಗ ಸಾಕ್ಷಿಯಾಗುತ್ತದೆ. ರಿಚ್ಮಂಡ್ ರಸ್ತೆಯ ಅಂಗಳ ನೆನಪಿಸಿಕೊಳ್ಳಿ. ಹಾಗಾಗಿ ಅಳುತ್ತ ಒಪ್ಪಿಕೊಳ್ಳುವ ದೃಶ್ಯಕ್ಕಿಂತ, ಪಂಚರ ಮುಂದೆ ನಡೆದುಕೊಂಡು ಹೋಗಿ ಒಂದು ಹಾಳು ಬಾವಿಯನ್ನು ತೋರಿಸುವ ದೃಶ್ಯ ಬರೆಯಿರಿ.

ಮಂಪರು ಪರೀಕ್ಷೆ?

ಅವನ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಕೇಸಿನಲ್ಲೇ ಸುಪ್ರೀಂ ಕೋರ್ಟು ಇದನ್ನು ಹೇಳಿದ್ದು. ಕಥೆ 2005ರದ್ದಾದರೆ ಬೇರೆ ಮಾತು.

ಎಷ್ಟು ವರ್ಷ ಹಳೆಯದಾದರೂ ಕೇಸು ನಡೆಯುತ್ತಾ?

ಕೊಲೆಗೆ ಗಡುವು ಇಲ್ಲ. ಗಡುವು ಇರುವುದು ಮೂರು ವರ್ಷದ ತನಕ ಶಿಕ್ಷೆ ಇರುವ ಸಣ್ಣ ಅಪರಾಧಗಳಿಗೆ. ಇಲ್ಲೊಂದು ಒಳ್ಳೆ ತಿರುವು ಅಡಗಿದೆ. ನಿಮ್ಮ ಪತ್ತೇದಾರ ವರ್ಷವಿಡೀ ಬೆನ್ನು ಹತ್ತಿ, ಅದು ಕೊಲೆಯೇ ಅಲ್ಲ, ಕುಡಿಯದ ಒಬ್ಬ ಸಾದಾ ಮನುಷ್ಯ ಅಜಾಗರೂಕತೆಯಿಂದ ಗಾಡಿ ಗುದ್ದಿದ್ದು ಅಂತ ಕಂಡುಹಿಡಿಯುತ್ತಾನೆ. ಐಪಿಸಿ 304ಎಗೆ ಇದ್ದದ್ದು ಹೆಚ್ಚೆಂದರೆ ಎರಡು ವರ್ಷ. ಗಡುವು ಎಂದೋ ದಾಟಿದೆ. ಸತ್ಯ ಕೈಯಲ್ಲಿದೆ, ಕೇಸು ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಇನ್ನೊಂದು ತಿರುವು ವಯಸ್ಸಿನದು. 2004ರಲ್ಲಿ ಕೊಲೆ ಮಾಡಿದಾಗ ಹುಡುಗನಿಗೆ 17. ಈಗ ಅವನಿಗೆ ಹೆಂಡತಿ ಮಕ್ಕಳಿದ್ದಾರೆ. ಸಿಕ್ಕಿಬಿದ್ದರೂ ಅವನನ್ನು ಬಾಲಕ ಅಂತಲೇ ನೋಡಬೇಕು. ಆಗಿನ ಬಾಲನ್ಯಾಯ ಕಾಯ್ದೆಯಲ್ಲಿ ಮೂರು ವರ್ಷಕ್ಕಿಂತ ಜಾಸ್ತಿ ಇಡುವಂತಿರಲಿಲ್ಲ.

ಖಾಸಗಿ ಪತ್ತೇದಾರನನ್ನು ನಾಯಕ ಮಾಡಲಾ?

ಮಾಡಿ, ಆದರೆ ಅವನಿಗೆ ಯಾರನ್ನೂ ಠಾಣೆಗೆ ಕರೆಸುವ ಅಧಿಕಾರ ಇಲ್ಲ, ಕೇಸ್ ಡೈರಿ (ತನಿಖಾಧಿಕಾರಿ ದಿನಾ ಬರೆದಿಡುವ ದಾಖಲೆ) ಕೈಗೆ ಸಿಗುವುದಿಲ್ಲ. ನಮ್ಮ ಬಾಡಿಗೆ ಪುಸ್ತಕದಂಗಡಿಗಳ ಕಾಲದ ಪತ್ತೇದಾರರು ಪಿಸ್ತೂಲು ಹಿಡಿದು ಎಲ್ಲಿ ಬೇಕಾದರೂ ನುಗ್ಗುತ್ತಿದ್ದರು. ಆ ಮಜಾ ಬೇರೆ. ಈಗ ನನಗೆ ಕೇಳಿದರೆ, ಇನ್ನು ಒಂದು ವರ್ಷಕ್ಕೆ ನಿವೃತ್ತಿಯಾಗುವ ಎಎಸ್‌ಐ ಒಬ್ಬರನ್ನು ನಾಯಕ ಮಾಡಿ ಅನ್ನುತ್ತೇನೆ. ಇನ್‌ಸ್ಪೆಕ್ಟರ್‌ಗಳು ವರ್ಗವಾಗಿ ಹೋಗುತ್ತಲೇ ಇರುತ್ತಾರೆ, ಊರಿನ ಹಳೇ ಜಗಳ ನೆನಪಿರುವುದು ಕೆಳಗಿನವರಿಗೆ.

ಸಂಭಾಷಣೆ ಹೇಗಿರಬೇಕು?

ಎಲ್ಲರೂ ಬೆಂಗಳೂರಿನ ಟಿವಿ ಕನ್ನಡ ಮಾತಾಡುವುದು ಬೇಡ. ಮಂಡ್ಯದ ಕಾನ್‌ಸ್ಟೆಬಲ್ ‘ಸಾ’ ಅನ್ನುತ್ತಾನೆ. ಹುಬ್ಬಳ್ಳಿಯವನು ‘ಸಾಹೇಬ್ರ’ ಅನ್ನುತ್ತಾನೆ. ಮುದುಕಿಯನ್ನು ವಿಚಾರಿಸುವಾಗ ಹಳೇ ಮೈಸೂರಿನ ಕಡೆ ‘ಅಜ್ಜಿ, ಕೂತ್ಕಳಿ’, ಧಾರವಾಡದ ಕಡೆ ‘ಯವ್ವಾ, ಕುಂದರ್ರಿ’. ಪೊಲೀಸಿನವನು ಯಾರಿಗೆ ‘ನೀನು’ ಅನ್ನುತ್ತಾನೆ, ಯಾರಿಗೆ ‘ನೀವು’ ಅನ್ನುತ್ತಾನೆ ನೋಡಿಕೊಳ್ಳಿ. ಇಪ್ಪತ್ತು ವರ್ಷದ ಹಿಂದೆ ‘ನೀನು’ ಅನ್ನಿಸಿಕೊಂಡ ಸಾಕ್ಷಿಗೆ ಈಗ ‘ನೀವು’ ಅಂದರೆ, ಅವಳ ಬಾಯಿ ತೆರೆಯಲು ಅಷ್ಟೇ ಸಾಕಾಗಬಹುದು.

ನಿಜವಾದ ಕೇಸನ್ನೇ ಹೆಸರು ಬದಲಿಸಿ ಬರೆಯಬಹುದಾ?

ಬರೆಯುತ್ತಾರೆ. ಅತ್ಯಾಚಾರಕ್ಕೊಳಗಾದವರ ಗುರುತು ಮಾತ್ರ ಯಾವ ರೀತಿಯಲ್ಲೂ ಹೊರಬೀಳಬಾರದು, ಅದು ಅಪರಾಧ. ಸತ್ತವರ ಬಗ್ಗೆ ಏನು ಬೇಕಾದರೂ ಬರೆಯಬಹುದು ಅನ್ನುವುದೂ ತಪ್ಪು. ಮನೆಯವರ ಮನಸ್ಸಿಗೆ ನೋವಾಗಲಿ ಅಂತಲೇ ಬರೆದರೆ ಮಾನನಷ್ಟದ ಕೇಸು ಬೀಳಬಹುದು. ಕಾನೂನು ಹಾಗಿರಲಿ. ಕಾಣೆಯಾದ ಮಗಳಿಗಾಗಿ ಈಗಲೂ ಬಾಗಿಲು ನೋಡುವ ತಾಯಿ ನಿಮ್ಮ ಪುಸ್ತಕ ಓದಬಹುದು ಅಂತ ಅಂದುಕೊಂಡೇ ಬರೆಯಿರಿ.

ಕೊನೆಗೆ ಶಿಕ್ಷೆ ಆಗಲೇಬೇಕಾ?

ಬೇಕಿಲ್ಲ. ಸಾಕ್ಷಿ ತಿರುಗಿ ಬೀಳುತ್ತಾನೆ, ಪಂಚರು ‘ಸಹಿ ನಂದೇ, ಏನು ಬರೆದಿತ್ತೋ ಗೊತ್ತಿಲ್ಲ’ ಅನ್ನುತ್ತಾರೆ, ಆರೋಪಿ ಬಿಡುಗಡೆಯಾಗುತ್ತಾನೆ. ಇದು ದಿನಾ ನಡೆಯುವುದು. ಓದುಗನಿಗೆ ಬೇಕಾದದ್ದು ಆ ರಾತ್ರಿ ಏನಾಯಿತು ಅನ್ನುವುದು. ಅದನ್ನು ಮುಚ್ಚಿಡಬೇಡಿ. ಏಳು ವರ್ಷ ಸುದ್ದಿಯಿಲ್ಲದವರನ್ನು ಕಾನೂನು ಸತ್ತರೆಂದು ತಿಳಿಯಬಹುದು. ಮನೆಯವರು ಮಾತ್ರ ತಿಥಿ ಮಾಡುವುದೋ ಬೇಡವೋ ಅಂತ ಒದ್ದಾಡುತ್ತಲೇ ಇರುತ್ತಾರೆ. ನಿಮ್ಮ ಎಎಸ್‌ಐ ಆ ಮನೆಗೆ ಹೋಗಿ, ಕೋರ್ಟಿನಲ್ಲಿ ಸೋತೆವು ಅಂತ ಹೇಳಿ, ತಾರೀಕು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಟ್ಟು ಬರಲಿ.